ಕಾವಲಿಗೆ ಒಂದು ದಿನ ಸೂಟಿ

ಅವರ ಬಲಗೈ ಹೆಬ್ಬೆರಳು ಸುಮ್ಮನಿದ್ದದ್ದನ್ನು ನಾನು ನೋಡಿಯೇ ಇಲ್ಲ. ಉಳಿದ ನಾಲ್ಕು ಬೆರಳುಗಳ ಗೆಣ್ಣುಗಳ ಮೇಲೆ ಅದು ಹತ್ತುತ್ತ ಇಳಿಯುತ್ತಲೇ ಇರುತ್ತಿತ್ತು. ಒಂದೊಂದು ಬೆರಳಿಗೆ ಮೂರು ಗೆರೆ, ಒಂದು ತುದಿ. ನಾಲ್ಕು ಬೆರಳಿಗೆ ಹದಿನಾರು. ಓಡಾಡಿ ಓಡಾಡಿ ಹೆಬ್ಬೆರಳಿನ ತುದಿ ದಡ್ಡುಗಟ್ಟಿ, ಬೀಡಿ ಕಟ್ಟುವವರ ಬೆರಳಿನಂತೆ ಹೊಳೆಯುತ್ತಿತ್ತು. ರಾಣೆಬೆನ್ನೂರಿನ ನಮ್ಮ ಕಾಲೇಜಿಗೆ ಅವರು ಬಂದ ಮೊದಲ ವಾರ, ಪಾಪ, ದೇವರ ನಾಮ ಎಣಿಸುತ್ತಾರೆ ಅಂದುಕೊಂಡಿದ್ದೆವು. ಎರಡನೇ ವಾರ ಗೊತ್ತಾಯಿತು, ಅವರು ಎಣಿಸುತ್ತಿದ್ದದ್ದು ಕಂಪ್ಯೂಟರಿನ ಮೆಮೊರಿಯೊಳಗಿನ ವಿಳಾಸಗಳನ್ನು. ಆ ವಿಳಾಸಗಳೆಲ್ಲ ಹದಿನಾರರ ಲೆಕ್ಕದಲ್ಲಿರುತ್ತವೆ. ಯಾರೋ ಕೇಳಿಯೂ ಬಿಟ್ಟರು. ‘ದೇವರಿಗೆ ವಿಳಾಸ ಬ್ಯಾಡಪಾ, ಎಲ್ಲಾ ಕಡೆ ಅದಾನ. ಇದಕ್ಕ ಬೇಕು’ ಎಂದು ಮಾನಿಟರಿನ ತಲೆ ತಟ್ಟಿದರು.

ಅವರನ್ನು ನಾವು ಲ್ಯಾಬ್ ಸರ್ ಎನ್ನುತ್ತಿದ್ದೆವು. ಹಾವೇರಿಯವರು. ಮುಂಜಾನೆ ಪ್ಯಾಸೆಂಜರ್ ಗಾಡಿಗೆ ಬಂದು ಸಂಜೆಯ ಗಾಡಿಗೆ ತಿರುಗಿ ಹೋಗುವವರು. ಮನೆಯಲ್ಲಿ ಉರ್ದು, ನಮ್ಮೊಡನೆ ಅಚ್ಚ ಹಾವೇರಿಯ ಕನ್ನಡ, ಸಿಟ್ಟು ಬಂದಾಗ ಎರಡನ್ನೂ ಬಿಟ್ಟು ಬರೀ ಮೌನ. ಅವರಿಗೊಂದು ಕೆಟ್ಟ ಚಟವಿತ್ತು. ನಾವು ಏನು ಉತ್ತರ ಹೇಳಿದರೂ ಕತ್ತು ವಾರೆ ಮಾಡಿ ‘ಖರೇ?’ ಎನ್ನುತ್ತಿದ್ದರು. ತಪ್ಪು ಹೇಳಿದರೂ ‘ಖರೇ?’, ಸರಿ ಹೇಳಿದರೂ ‘ಖರೇ?’. ಎರಡಕ್ಕೆ ಮೂರು ಕೂಡಿದರೆ ಐದು ಎಂದು ಹೇಳಿದವನೂ ಆ ಒಂದು ಮಾತಿಗೆ ಬೆವತು, ಅಲ್ಲವೇನೋ ಎಂದು ಕುಳಿತುಬಿಡುತ್ತಿದ್ದ. ಮೂರು ವರ್ಷ ಅವರ ಕೈಯಲ್ಲಿ ಕಲಿತ ನಾನು ಇವತ್ತಿಗೂ ಯಾವ ಮಾತನ್ನೂ ಗಟ್ಟಿಯಾಗಿ ಹೇಳಲಾರೆ. ಇದನ್ನು ಅವರ ಕೊಡುಗೆ ಎನ್ನಬೇಕೋ ಮಾಡಿದ ಕೇಡು ಎನ್ನಬೇಕೋ ತಿಳಿಯುವುದಿಲ್ಲ.

ಎರಡು ಸಾವಿರದ ಆರು ಏಳರ ಮಾತು. ನಮ್ಮ ಲ್ಯಾಬಿನ ಮೂಲೆಯಲ್ಲಿ ಒಂದು ಕಂಪ್ಯೂಟರನ್ನು ಅವರು ಎಲ್ಲ ತಂತಿಗಳಿಂದ ಬಿಡಿಸಿ ಬೇರೆ ಇಟ್ಟಿದ್ದರು. ಅದರ ಪರದೆಯ ಮೇಲೆ ಅವರೇ ಬರೆದ ಸಣ್ಣದೊಂದು ಪಟ್ಟಿ: ಮೂರು ಕಾವಲು, ಒಂದೊಂದರ ಎದುರಿಗೆ ‘ಹಚ್ಚು’, ‘ತಗಿ’ ಎಂಬ ಎರಡು ಆಯ್ಕೆ. ಕಂಪ್ಯೂಟರಿನ ಒಡಲಲ್ಲಿ, ಕಾರ್ಯಾಚರಣ ವ್ಯವಸ್ಥೆಯಲ್ಲಿ, ಪ್ರೋಗ್ರಾಂ ಕಟ್ಟುವ ಸಾಧನದಲ್ಲಿ, ಮೆಮೊರಿಯನ್ನು ಕಾಯಲೆಂದೇ ಇರುವ ಕಾವಲುಗಳು ಅವು. ಮೊದಲ ಕಾವಲು ಇದ್ದರೆ, ಪ್ರೋಗ್ರಾಂ ಪ್ರತಿ ಸಲ ಓಡುವಾಗ ಅದರ ಮನೆಗಳ ವಿಳಾಸ ಬದಲಾಗುತ್ತದೆ. ಕಳ್ಳನಿಗೆ ನಿನ್ನೆಯ ಬಾಗಿಲು ಇವತ್ತು ಸಿಗುವುದಿಲ್ಲ. ಎರಡನೆಯದು ಇದ್ದರೆ, ಸಾಮಾನು ಇಡುವ ಜಾಗದಲ್ಲಿ ಯಾರೂ ಹುಕುಂ ಚಲಾಯಿಸುವಂತಿಲ್ಲ. ಮೂರನೆಯದನ್ನು ಅವರು ಮೆಣಸಿನಕಾಯಿ ಚೀಲದ ಮೇಲಿಟ್ಟು ವಿವರಿಸಿದ್ದರು. ‘ಚೀಲ ತುಂಬಿದ ಮ್ಯಾಲ ಬಾಯಿ ಹೊಲ್ದು ಒಂದು ಗಂಟ ಹಾಕ್ತಾರಲ್ಲ, ಹಂಗ. ಕೆಲಸ ಮುಗದ ಮ್ಯಾಲ ನೋಡೂದು. ಗಂಟ ಬದಲಾಗಿತ್ತಂದ್ರ, ಒಳಗಿಂದ ಏನೋ ಉಕ್ಕೇತಿ ಅಂತ ತಿಳಕೊಂಡು ಪ್ರೋಗ್ರಾಂ ಅಲ್ಲೇ ನಿಂತುಬಿಡತದ.’

ಇಲ್ಲಿಯ ತನಕ ಸರಿ. ಆಮೇಲೆ ಅವರು ಮಾಡಿದ್ದು ಯಾರಿಗೂ ಅರ್ಥವಾಗಲಿಲ್ಲ. ಮೂರೂ ಕಾವಲು ತೆಗೆದರು, ತಮ್ಮದೇ ಒಂದು ಪ್ರೋಗ್ರಾಮನ್ನು ನಮ್ಮ ಮುಂದಿಟ್ಟು ‘ಮುರೀರಿ’ ಎಂದರು. ನಾವು ಮುರಿದೆವು. ಒಂದು ಕಾವಲು ಹಚ್ಚಿದರು. ‘ಈಗ ಮುರೀರಿ.’ ಅರ್ಧ ಜನರಿಗೆ ಆಗಲಿಲ್ಲ. ಇನ್ನೊಂದು ಹಚ್ಚಿದರು. ಬೇಲಿಯೇ ಎದ್ದು ಹೊಲ ಮೇಯುವುದನ್ನು ಕೇಳಿದ್ದೆವು. ಬೇಲಿ ಹಾಕುವವನೇ ಬೇಲಿ ಕಿತ್ತು ದನಗಳನ್ನು ಕರೆಯುವುದನ್ನು ಅವತ್ತೇ ನೋಡಿದ್ದು. ನಾನು ಎದ್ದು ನಿಂತು ಕೇಳಿದೆ.

‘ಸರ್, ಇರೋ ಕಾವಲು ಯಾಕ ತಗೀತೀರಿ?’

‘ಕಾವಲುಗಾರ ಏನ್ ಮಾಡ್ತಾನ ಅಂತ ತಿಳೀಬೇಕಂದ್ರ ಒಂದಿನ ಅವಂಗ ಸೂಟಿ ಕೊಡಬೇಕವಾ.’

‘ಸೂಟಿ ಕೊಟ್ಟ ದಿನಾನ ಕಳ್ಳ ಬಂದ್ರ?’

‘ಅದಕ್ಕ ಈ ಕಂಪ್ಯೂಟರಿಗೆ ತಂತಿ ಇಲ್ಲ. ಇಲ್ಲಷ್ಟ ಸೂಟಿ. ಹೊರಗ ಎಲ್ಲೂ ಇಲ್ಲ.’ ಸ್ವಲ್ಪ ಹೊತ್ತು ಬೆರಳೆಣಿಸಿ ಮತ್ತೆ ಹೇಳಿದರು: ‘ಬಿದ್ದ ಪ್ರೋಗ್ರಾಮು ಎತ್ತಬೌದು. ನಿಂತಕೊಂಡು ಸುಳ್ಳ ಹೇಳೂ ಪ್ರೋಗ್ರಾಮು ಹಿಡಿಯೂದು ಕಷ್ಟ ಐತಿ.’

ನಾನು ಎಲ್ಲವನ್ನೂ ಮುತ್ತಿನಂಥ ಅಕ್ಷರದಲ್ಲಿ ಬರೆದುಕೊಂಡೆ. ತಲೆಬುಡ ತಿಳಿಯಲಿಲ್ಲ.

ಬ್ಯಾಡಗಿಯಲ್ಲಿ ನನ್ನ ಸೋದರಮಾವ ಒಂದು ಕೋಲ್ಡ್ ಸ್ಟೋರೇಜಿನ ಮ್ಯಾನೇಜರ್. ಹೆಣ್ಣುಮಗಳಿಗೆ ಇಂಜಿನಿಯರಿಂಗ್ ಯಾಕೆ ಎಂದು ಅಪ್ಪ ಕೂತಾಗ, ಅಪ್ಪನ ಎದುರು ಕೂತು ಹಟ ಹಿಡಿದು ನನ್ನನ್ನು ಕಾಲೇಜಿಗೆ ಸೇರಿಸಿದವನು ಅವನೇ. ಹಾಗಾಗಿ ಕಡೇ ವರ್ಷದಲ್ಲಿ ಅವನು ‘ಯಾರ ಚೀಲ ಯಾವ ರ‍್ಯಾಕಿನ್ಯಾಗ ಅಂತ ಹೇಳೂದೊಂದು ಪ್ರೋಗ್ರಾಂ ಮಾಡಿಕೊಡವ್ವಿ, ನಿಮ್ಮಪ್ಪಗ ತೋರಸೂಣು’ ಎಂದಾಗ ನನಗೆ ರೆಕ್ಕೆ ಬಂದಂತಾಯಿತು. ಎರಡು ತಿಂಗಳು ಕೂತು ಬರೆದೆ. ಚೀಲ ಬಂದಾಗ ಮೊದಲು ರ‍್ಯಾಕ್ ನಂಬರು ಒತ್ತಬೇಕು, ಆಮೇಲೆ ಮಾಲೀಕರ ಹೆಸರು. ಅವರು ಚೀಲ ಕೇಳಿಕೊಂಡು ಬಂದಾಗ ಹೆಸರು ಹುಡುಕಿದರೆ ನಂಬರಿನ ಚೀಟಿ ಅಚ್ಚಾಗಿ ಬರುತ್ತದೆ. ಹಮಾಲರು ಆ ಚೀಟಿ ಹಿಡಿದು ಒಳಗೆ ಹೋಗಿ ಚೀಲ ತರುತ್ತಾರೆ.

ಹೆಸರಿಗೆಂದು ನಾನು ನಲವತ್ತು ಇಂಗ್ಲಿಷ್ ಕ್ಯಾಪಿಟಲ್ ಅಕ್ಷರಗಳ ಜಾಗ ಇಟ್ಟಿದ್ದೆ. ನಲವತ್ತು ಯಾರಿಗೆ ಸಾಲದು? ನಮ್ಮ ಮಾಮಾನ ಪದ್ಧತಿ ನನಗೆ ಹೊಳೆದಿರಲಿಲ್ಲ. ಹಿರಿಯರೊಬ್ಬರ ಹೆಸರು ಬರೆಯುವಾಗ ಸ್ವಂತ ಹೆಸರು, ತಂದೆಯ ಹೆಸರು, ಮನೆತನ, ಊರು, ನಾಲ್ಕೂ ಪೂರ್ತಿ ಇರಲೇಬೇಕು ಅವನಿಗೆ. ಮೊಟಕು ಮಾಡಿದರೆ ಮರ್ಯಾದೆ ಕಡಿಮೆ ಮಾಡಿದಂತೆ. ಮೊದಲ ದಿನ ನನ್ನೆದುರೇ ಒಬ್ಬ ಯಜಮಾನರ ಉದ್ದ ಹೆಸರು ಒತ್ತಿದ. ಪ್ರೋಗ್ರಾಂ ಇಂಗ್ಲಿಷಿನಲ್ಲಿ ಏನೋ ಒದರಿ ನೆಲಕಚ್ಚಿತು. ಮಾಮಾನ ಮುಖ ಬಾಡಿತು. ನನಗೆ ನೆಲ ಬಾಯಿ ಬಿಡಬಾರದೇ ಅನಿಸಿತು.

ಆಗ ನನ್ನ ಬುದ್ಧಿ ಓಡಿತು. ಓಡಿದ್ದು ಉಲ್ಟಾ. ಅದು ಚೀಲದ ಗಂಟಿನ ಕಾವಲು ಎಂದು ಗುರುತು ಹತ್ತಿತು. ಲ್ಯಾಬಿನಲ್ಲಿ ಅದನ್ನು ತೆಗೆದಾಗ ಪ್ರೋಗ್ರಾಂ ಬೀಳದೆ ಮುಂದೆ ಓಡಿದ್ದು ಕಂಡಿದ್ದೆನಲ್ಲ? ಪ್ರೋಗ್ರಾಂ ಕಟ್ಟುವ ಆಜ್ಞೆಗೆ ಒಂದು ಪದ ಸೇರಿಸಿದರೆ ಆ ಕಾವಲು ಹೋಗುತ್ತದೆ. ಸೇರಿಸಿದೆ. ಮತ್ತೆ ಹೆಸರು ಒತ್ತಲು ಹೇಳಿದೆ. ಓಡಿತು. ಮಾಮಾ ಬೆನ್ನು ತಟ್ಟಿದ, ಓಣಿಯಲ್ಲಿ ಪೇಢೆ ಹಂಚಿದ. ರೋಗಕ್ಕೆ ಔಷಧ ಕಂಡುಹಿಡಿದ ವೈದ್ಯರ ಹಾಗೆ ನಾನು ರಾಣೆಬೆನ್ನೂರಿಗೆ ಹಿಂದಿರುಗಿದೆ. ಬೇರೆ ಯಾವ ಕಾಲೇಜಿನ ಪೆದ್ದರೂ ಈ ತಪ್ಪು ಮಾಡುತ್ತಿರಲಿಲ್ಲ, ಕಾವಲನ್ನು ತೆಗೆಯಬಹುದು ಎಂಬುದೇ ಅವರಿಗೆ ಗೊತ್ತಿರುತ್ತಿರಲಿಲ್ಲ.

ನಾಲ್ಕು ತಿಂಗಳ ಮೇಲೆ ಮನೆಗೆ ಸುದ್ದಿ ಬಂತು. ಮಾಮಾ ಮೊದಲ ದಿನ ಯಾರ ಹೆಸರು ಒತ್ತಿದ್ದನೋ ಆ ಯಜಮಾನರು, ಮೇಡ್ಲೇರಿಯವರು, ಚೀಲ ಬಿಡಿಸಿಕೊಂಡು ಹೋಗಿದ್ದರು. ಮೂರು ದಿನ ಬಿಟ್ಟು ಮೋಟೆಬೆನ್ನೂರಿನ ಒಬ್ಬ ಅವ್ವ ತನ್ನ ಚೀಲಕ್ಕೆ ಬಂದರೆ ಆಕೆಯ ಎಪ್ಪತ್ಮೂರನೇ ರ‍್ಯಾಕ್ ಖಾಲಿ. ಹುಡುಕಿ ನೋಡಿದರೆ ಮೇಡ್ಲೇರಿಯವರ ಚೀಲಗಳು ಇಪ್ಪತ್ತೊಂದನೇ ರ‍್ಯಾಕಿನಲ್ಲಿ ಇದ್ದಲ್ಲೇ ಇವೆ. ಅಂದರೆ ಹಮಾಲ ಮೇಡ್ಲೇರಿಯವರಿಗೆ ಆಕೆಯ ಚೀಲ ಹೊತ್ತು ಕೊಟ್ಟಿದ್ದ. ಅಷ್ಟರಲ್ಲಿ ಆಕೆ ಬೀಜಕ್ಕೆಂದು ಒಂದೊಂದೇ ಆರಿಸಿ ಇಟ್ಟಿದ್ದ ಕಾಯಿ ಯಾವುದೋ ಗಿರಣಿಯಲ್ಲಿ ಕಾರಪುಡಿಯಾಗಿತ್ತು. ಬದಲಿಗೆ ಕೊಟ್ಟ ಚೀಲ ಒಯ್ದಳು, ಆದರೆ ಅಳುತ್ತ ಹೋದಳಂತೆ.

ಆ ಹಮಾಲ ಕಾಕಾನನ್ನು ನಾನು ಲಂಗ ಹಾಕುವ ಕಾಲದಿಂದ ಬಲ್ಲೆ. ಇಪ್ಪತ್ತು ವರ್ಷದಿಂದ ಅಲ್ಲೇ ಚೀಲ ಹೊತ್ತವನು. ಓದು ಬಾರದು, ಆದರೆ ಅಂಕಿ ಗುರುತಿಸುತ್ತಿದ್ದ. ‘ಚೀಟಿ ಮ್ಯಾಲ ಎಪ್ಪತ್ಮೂರು ಇತ್ತರಿ’ ಎಂದು ಒಂದೇ ಮಾತು ಅವನದು. ಚೀಟಿ ಎಲ್ಲಿ ಎಂದರೆ ಕೆಲಸ ಮುಗಿದ ಮೇಲೆ ಹರಿದು ಒಗೆದಿದ್ದ. ಚೀಲ ಹೊರಗೆ ಹೋದ ಕೂಡಲೇ ಕಂಪ್ಯೂಟರಿನಲ್ಲಿಯೂ ದಾಖಲೆ ಅಳಿಸಿ ಹೋಗುವಂತೆ ನಾನೇ ಮಾಡಿಟ್ಟಿದ್ದೆ. ಮಾಮಾ ‘ಕಂಪ್ಯೂಟರ್ ಸುಳ್ಳ ಹೇಳತದೇನ? ನಿನ್ನ ಕಣ್ಣ ಹೋಗ್ಯಾವ. ನಾಳಿಂದ ಒಳಗ ಬರಬ್ಯಾಡ’ ಎಂದುಬಿಟ್ಟ. ಕಾಕಾ ಗೇಟಿನ ಹೊರಗೆ ಕೂತು, ಹೋಗಿ ಬರುವ ಲಾರಿಗಳ ನಂಬರು ಗಟ್ಟಿಯಾಗಿ ಓದುತ್ತಿದ್ದನಂತೆ. ಪಕ್ಕದವರನ್ನು ಕೇಳುತ್ತಿದ್ದ, ಸರಿ ಓದಿದೆನೇನು ಎಂದು.

ಸತ್ಯ ಹೇಳುತ್ತೇನೆ, ನನ್ನ ಪ್ರೋಗ್ರಾಮಿನ ಮೇಲೆ ನನಗೆ ಎಳ್ಳಷ್ಟೂ ಅನುಮಾನ ಬರಲಿಲ್ಲ. ಆ ಶನಿವಾರ ಸಂಜೆ ಬ್ಯಾಡಗಿಗೆ ಹೊರಟಿದ್ದೆ. ಅದೇ ಗಾಡಿಯಲ್ಲಿ ಲ್ಯಾಬ್ ಸರ್ ಇದ್ದರು. ಎದುರಿಗೆ ಕೂತು, ಏನೋ ಮಾತಿಗೆಂದು ಈ ಕಥೆ ಹೇಳಿದೆ.

‘ಎಷ್ಟು ಅಂದಿ ನಂಬರ?’

‘ಎಪ್ಪತ್ಮೂರು ಸರ್.’

ಹೆಬ್ಬೆರಳು ಬೆರಳುಗಳ ಮೇಲೆ ಹೊರಟಿತು. ನಾಲ್ಕು ಹದಿನಾರು. ಮೇಲೆ ಒಂಬತ್ತು. ಅಲ್ಲಿ ನಿಂತಿತು. ‘ಆ ಯಜಮಾನರದು ಯಾವ ಊರಂದಿ?’

‘ಮೇಡ್ಲೇರಿ.’

‘ಇಂಗ್ಲಿಷಿನ್ಯಾಗ ಬರದ್ರ ಕಡೀ ಅಕ್ಷರ ಕ್ಯಾಪಿಟಲ್ ಐ. ಐ ಅನ್ನೋ ಅಕ್ಷರಾನ ಕಂಪ್ಯೂಟರ್ ಒಂದು ಅಂಕಿ ಮಾಡಿ ಇಟ್ಟಕೊಂಡಿರತದ. ಯಾವ ಅಂಕಿ?’

ನನಗೆ ಗೊತ್ತಿತ್ತು. ಪರೀಕ್ಷೆಗೆ ಬಾಯಿಪಾಠ ಮಾಡಿದ ಪಟ್ಟಿ. ಎಪ್ಪತ್ಮೂರು. ಹೆಸರಿನ ಜಾಗ ನಲವತ್ತು, ಆ ಯಜಮಾನರ ಹೆಸರು ನಲವತ್ತೊಂದು. ಮಿಕ್ಕ ಒಂದು ಅಕ್ಷರ ಪಕ್ಕದ ಮನೆಗೆ ಹೊಕ್ಕಿತ್ತು. ಪಕ್ಕದ ಮನೆಯಲ್ಲಿದ್ದದ್ದು ರ‍್ಯಾಕ್ ನಂಬರು.

‘ಗಂಟಿನ ಕಾವಲು ಹಚ್ಚಿದ್ದಿಲ್ಲೇನು?’

‘ಹಚ್ಚಿದ್ರ ಪ್ರೋಗ್ರಾಂ ಸಾಯ್ತಿತ್ತು ಸರ್. ಅದಕ್ಕ ತಗದೆ.’

ಅವರು ಖರೇ ಎಂದು ಕೇಳಲಿಲ್ಲ. ‘ಅದು ಸಾಯ್ತಿದ್ದಿಲ್ಲವಾ. ಚೀರತಿತ್ತು’ ಎಂದರು. ಬ್ಯಾಡಗಿ ಬಂತು. ಹಾವೇರಿಗೆ ಹೋಗಬೇಕಾದವರು ಚೀಲ ಹೆಗಲಿಗೇರಿಸಿ ನನಗಿಂತ ಮೊದಲು ಇಳಿದರು.

ಆಫೀಸಿನಲ್ಲಿ ಮಾಮಾ ಇದ್ದ. ಸರ್ ತಮ್ಮ ಪರಿಚಯ ಹೇಳಿ, ಗೇಟಿನ ಹೊರಗಿದ್ದ ಕಾಕಾನನ್ನು ಮೊದಲು ಒಳಗೆ ಕರೆಸಿದರು. ಕಂಪ್ಯೂಟರಿನ ಮುಂದೆ ಮಾಮಾನನ್ನೇ ಕೂರಿಸಿ, ಆ ಯಜಮಾನರ ಚೀಲ ಇದ್ದ ರ‍್ಯಾಕ್ ನಂಬರು ಹಾಕಿ, ದಿನಾ ಹಾಕುವಂತೆ ಹೆಸರೂ ಹಾಕಿ ಎಂದರು. ಮಾಮಾ ಇಪ್ಪತ್ತೊಂದು ಒತ್ತಿದ. ಹೆಸರು, ತಂದೆಯ ಹೆಸರು, ಮನೆತನ, ಮೇಡ್ಲೇರಿ. ಈಗ ಚೀಟಿ ತೆಗೆಯಿರಿ ಎಂದರು. ಚೀಟಿ ಹೊರಗೆ ಬಂತು. ಅದನ್ನು ಸರ್ ಮುಟ್ಟಲಿಲ್ಲ, ಕಾಕಾನ ಕಡೆ ಕೈ ತೋರಿಸಿದರು.

‘ಓದ್ರಿ ಕಾಕಾ.’

ಕಾಕಾ ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದ, ದೂರ ಹಿಡಿದ. ಹೇಳಲೋ ಬೇಡವೋ ಎಂಬಂತೆ ಮಾಮಾನ ಮುಖ ನೋಡಿದ. ‘ಎಪ್ಪತ್ಮೂರು ಅಂತ ಕಾಣ್ತದರಿ. ನನ್ನ ಕಣ್ಣು...’

‘ನಿಮ್ಮ ಕಣ್ಣ ಛಲೋ ಅದಾವು.’

ಕಾಕಾ ಅಲ್ಲೇ ನೆಲಕ್ಕೆ ಕೂತು ಟವಲಿನಲ್ಲಿ ಮುಖ ಮುಚ್ಚಿಕೊಂಡ. ಮಾಮಾ ಚೀಟಿಯನ್ನು ತಿರುವಿ ಮುರುವಿ ನೋಡಿದ. ನಂತರ ಸರ್ ಮಾಮಾನಿಗೆ ಬಿಡಿಸಿ ಹೇಳುತ್ತ ಕಾವಲು ಹಚ್ಚಿ ಪ್ರೋಗ್ರಾಮನ್ನು ಮತ್ತೆ ಕಟ್ಟಿದರು. ಅದೇ ಹೆಸರಿಗೆ ಅದು ಒದರಿ ನಿಂತಿತು, ಚೀಟಿ ಬರಲಿಲ್ಲ. ಹೆಸರಿನ ಜಾಗ ದೊಡ್ಡದು ಮಾಡಿ ಮೂರನೇ ಸಲ ಕಟ್ಟಿದರು. ಇಪ್ಪತ್ತೊಂದು ಎಂದು ಬಂತು. ಅಷ್ಟೇ ಕೆಲಸ. ಅರ್ಧ ತಾಸೂ ಹಿಡಿಯಲಿಲ್ಲ.

‘ಅಂದ್ರ ಆ ಕಾವಲು ತಗದವರು ಯಾರು?’ ಎಂದ ಮಾಮಾ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡರಂತೆ. ನಾನು ಹೆಗಲು ಮುಟ್ಟಿಕೊಳ್ಳಲೂ ಇಲ್ಲ. ಕಿಟಕಿ ಪಕ್ಕ ನಿಂತಿದ್ದೆ. ನಾನು ಎಂಬ ಒಂದು ಶಬ್ದ ಸಾಕಿತ್ತು. ಆದರೆ ಅಪ್ಪನ ಎದುರು ಹಟ ಹಿಡಿದಿದ್ದ ಮಾಮಾ, ಪೇಢೆ ಹಂಚಿದ್ದ ಮಾಮಾ. ನನ್ನ ತಪ್ಪು ತಿಳಿದರೆ ಅಪ್ಪ ಓದು ಬಿಡಿಸಿಬಿಡಬಹುದಾಗಿದ್ದ, ಇನ್ನೊಂದು ವರ್ಷ ಓದು ಬಾಕಿ ಇದ್ದ ನನ್ನ ತಂಗಿ. ಆ ಶಬ್ದವನ್ನು ನಾನು ಹೇಳಲಿಲ್ಲ. ಸರ್ ನನ್ನ ಕಡೆ ಒಂದು ಸಲ ನೋಡಿದರು. ಎಷ್ಟು ಹೊತ್ತು ನೋಡಿದರು, ಒಂದು ಕ್ಷಣವೋ ಒಂದು ನಿಮಿಷವೋ, ಎಷ್ಟು ನೆನೆದರೂ ನನಗೆ ಗೊತ್ತಾಗುವುದಿಲ್ಲ. ಆಮೇಲೆ ಮಾಮಾನ ಕಡೆ ತಿರುಗಿದರು.

‘ತಗಿಯೂದು ಕಲಿಸಿದವ ನಾನರಿ. ತಗದ್ರ ಏನ್ ಆಗತದ ಅಂತ ಗಟ್ಟಿಯಾಗಿ ಕಲಸ್ಲಿಲ್ಲ. ತಪ್ಪು ನಂದು.’ ಕೆಳಗೆ ಬಾಗಿ ಕಾಕಾನ ಎರಡೂ ಕೈ ಹಿಡಿದು ‘ಮಾಫ್ ಮಾಡ್ರಿ’ ಎಂದರು. ಕಾಕಾ ಗಾಬರಿಯಾಗಿ ‘ಅಯ್ಯ, ದೊಡ್ಡವರು ನೀವು, ಏಳ್ರಿ’ ಎನ್ನುತ್ತಿದ್ದ.

ಮಾಮಾ ಕಾಕಾನನ್ನು ಮರುದಿನವೇ ಒಳಗೆ ಕರೆದುಕೊಂಡ. ನನ್ನನ್ನು ಒಂದು ಮಾತೂ ಬೈಯಲಿಲ್ಲ, ಬೈದದ್ದೆಲ್ಲ ಸರ್‌ಗೆ. ‘ಮುರಿಯೂದು ಕಲಸ್ತಾನ ಅಂವಾ, ಹುಡುಗಿ ಏನ್ ಮಾಡತದ ಪಾಪ’ ಎಂದು ಸಿಕ್ಕವರಿಗೆಲ್ಲ ಹೇಳಿದ. ಮಾತು ಬ್ಯಾಡಗಿಯಿಂದ ರಾಣೆಬೆನ್ನೂರಿಗೆ ನಡೆದುಕೊಂಡೇ ಬಂದರೂ ತಿಂಗಳೊಳಗೆ ಮುಟ್ಟಿತು. ಕಾಲೇಜಿನವರು ಮೂಲೆಯ ಕಂಪ್ಯೂಟರನ್ನು ತೆಗೆಸಿದರು. ನಮ್ಮ ನಂತರದ ಹುಡುಗರಿಗೆ ಆ ಪಾಠವೇ ಇರಲಿಲ್ಲ. ಸರ್ ಆಮೇಲೆ ಪುಸ್ತಕ ನೋಡಿ ಏನೋ ಬರೆಸುವ ವಿಷಯ ತೆಗೆದುಕೊಂಡರು ಎಂದು ಕೇಳಿದೆ.

ಬ್ಯಾಡಗಿಯಿಂದ ಬಂದ ಸೋಮವಾರ ನಾನು ಅವರ ಮೇಜಿನ ಹತ್ತಿರ ಹೋಗಿದ್ದೆ. ‘ಸರ್, ಯಾಕ ಹಂಗ ಹೇಳಿದ್ರಿ?’

‘ಯಾವುದು?’ ಎಂದರು. ನಿಜವಾಗಿಯೂ ಮರೆತವರ ಮುಖ. ಕೈಯಲ್ಲಿ ಯಾರದೋ ಉತ್ತರ ಪತ್ರಿಕೆ ಇತ್ತು, ಅದಕ್ಕೆ ಗುರುತು ಹಾಕುತ್ತ ಹೋದರು. ನಾನು ಕಾಯ್ದೆ, ತಿರುಗಿ ಬಂದೆ. ಅವರು ನನ್ನನ್ನು ಉಳಿಸಿದರೋ, ನನಗೆ ಶಿಕ್ಷೆ ಕೊಟ್ಟರೋ, ಅಥವಾ ತಪ್ಪು ತಮ್ಮದೇ ಎಂದು ನಿಜಕ್ಕೂ ನಂಬಿದ್ದರೋ? ಮೂರಕ್ಕೂ ಸಾಕ್ಷಿ ಇದೆ. ಒಂದು ದಿನ ಒಂದನ್ನು ನಂಬುತ್ತೇನೆ, ಇನ್ನೊಂದು ದಿನ ಇನ್ನೊಂದನ್ನು. ಕಾವಲು ಇರುವುದು ಹೊರಗಿನ ಕಳ್ಳನಿಗಾಗಿ ಎಂದು ತಿಳಿದಿದ್ದೆ, ನನ್ನ ಕಾವಲು ತೆಗೆದದ್ದು ನಾನೇ, ಒಳಗೆ ಬಂದದ್ದು ಒಬ್ಬ ಹಿರಿಯರ ಊರಿನ ಹೆಸರು. ಇದರಲ್ಲಿ ಯಾರನ್ನು ಕಳ್ಳ ಎನ್ನುವುದು? ಇಷ್ಟು ಮಾತ್ರ ಗೊತ್ತು: ನನಗೆ ನಾಚಿಕೆ ಆಗಿತ್ತು, ಮತ್ತು ಸುಮ್ಮನಿದ್ದದ್ದಕ್ಕೆ ಒಳಗೊಳಗೇ ಹಾಯೆನಿಸಿಯೂ ಇತ್ತು. ಎರಡೂ ಒಟ್ಟಿಗೆ.

ಓದು ಮುಗಿದು ನಾನು ಹಾವೇರಿಯಲ್ಲಿಯೇ ಪಾಠ ಹೇಳುವ ಕೆಲಸಕ್ಕೆ ಸೇರಿದೆ. ಅವರ ಮನೆ ಎರಡು ಓಣಿಯ ಆಚೆ. ನಾಳೆ ಹೋಗೋಣ, ಬರುವ ವಾರ ಹೋಗೋಣ ಎಂದು ಒಂದು ವರ್ಷ ದೂಡಿದೆ. ಹೋದಾಗ ಅವರಿರಲಿಲ್ಲ. ಕಾಮಣಿ, ಅಂದರೆ ಕಾಮಾಲೆ ರೋಗ, ಎಂದು ಗೊತ್ತಾಗುವುದು ತಡವಾಗಿ, ಹದಿನೈದು ದಿನ ಆಸ್ಪತ್ರೆಯಲ್ಲಿದ್ದು ತೀರಿಕೊಂಡಿದ್ದರು. ಮಣ್ಣಿಗೂ ನಾನು ಹೋಗಲಿಲ್ಲ, ಸುದ್ದಿಯೇ ತಿಳಿದಿರಲಿಲ್ಲ. ನಾನು ಬಾಗಿಲು ತಟ್ಟಿದಾಗ ಅವರು ಹೋಗಿ ನಲವತ್ತು ದಿನ ಕಳೆದಿತ್ತು. ಅವರ ಹೆಂಡತಿ ಒಳಕೋಣೆಯಲ್ಲಿ ಕೂತಿದ್ದರು.

‘ನಾ ಸರ್ ಅವರ ಕಡೆ ಕಲ್ತಾಕಿರಿ, ರಾಣೆಬೆನ್ನೂರಾಗ. ಬ್ಯಾಡಗಿಯೊಳಗ ಒಂದು ಪ್ರೋಗ್ರಾಂ ಬರದಿದ್ದೆ...’

ಅವರ ಮುಖ ಅರಳಿತು. ‘ನೀವಾ ಆಕಿ! ಬರ್ರಿ, ಹತ್ರ ಬಂದು ಕುಂದ್ರಿ.’ ನನ್ನ ಕೈ ಹಿಡಿದುಕೊಂಡರು. ‘ಅವರು ಭಾಳ ಸಲ ಹೇಳ್ತಿದ್ರರಿ ನಿಮ್ಮ ಸುದ್ದಿ. ಯಾವ ಹುಡುಗರ ಸುದ್ದೀನೂ ಮನ್ಯಾಗ ಹೇಳ್ತಿದ್ದಿಲ್ಲ, ನಿಮ್ಮದೊಂದ ಹೇಳ್ತಿದ್ರು. ಮಾವನ ಎದುರಿಗೆ, ಹಮಾಲನ ಎದುರಿಗೆ ಎದ್ದು ನಿಂತು, ತಪ್ಪು ನಂದು ಅಂತ ಹೇಳಿದ್ಳು, ಎಂಥಾ ಹುಡುಗಿ ನೋಡು ಅಂತ.’

ನನಗೆ ಮೊದಲು ಅರ್ಥವೇ ಆಗಲಿಲ್ಲ. ಬೇರೆ ಯಾರದೋ ಕಥೆ ಇರಬೇಕು ಅನಿಸಿತು. ಆಮೇಲೆ ಅರ್ಥವಾಯಿತು. ಈ ಸಲ ಹೇಳಿಯೇಬಿಟ್ಟೆ.

‘ಇಲ್ಲರಿ ಅಕ್ಕಾರ. ನಾ ಹೇಳ್ಲಿಲ್ಲ. ನಾ ಬಾಯಿ ಮುಚಗೊಂಡು ನಿಂತಿದ್ದೆ. ತಪ್ಪು ನಂದಿತ್ತು, ಹೊತ್ತಕೊಂಡವರು ಸರ್.’

ಅವರು ನನ್ನ ಕೈ ಬಿಡಲಿಲ್ಲ. ನನ್ನನ್ನೇ ನೋಡಿದರು, ಎಳೆಯ ಮಗು ಏನೋ ತಪ್ಪು ಹೇಳಿದಾಗ ನೋಡುವ ಹಾಗೆ.

‘ಛೇ ಛೇ, ಹಂಗ ಆಗಿರಾಕ ಸಾಧ್ಯ ಇಲ್ಲರಿ’ ಎಂದರು. ‘ಅವರು ಸಾಯೂ ತನಕ ಒಂದ್ ಸುಳ್ಳ ಹೇಳಿದ ಮನಷ್ಯಾ ಅಲ್ಲ. ನಿಮಗ ನೆನಪಿಲ್ಲ ಅಷ್ಟ.’